ಹಣ್ಣಿಗೂ ಸೊಪ್ಪಿಗೂ ಒಂದೇ ಜ್ಯೂಸರ್ ಸಾಕಾ? ಕೊಳ್ಳುವ ಮುಂಚೆ ನೋಡಬೇಕಾದ್ದು

ಮನೆಗೆ ಜ್ಯೂಸರ್ ತರಬೇಕು ಅಂದಾಗ ಹೆಚ್ಚಿನವರು ವ್ಯಾಟ್ ನೋಡುತ್ತಾರೆ, ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನಾನಾದರೆ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಅದರೊಳಗೆ ಸೊಪ್ಪು ಎಷ್ಟು ಹೋಗುತ್ತದೆ? ಸೇಬು, ಕ್ಯಾರೆಟ್, ಬೀಟ್‌ರೂಟ್, ಅನಾನಸ್ ಇಷ್ಟೇ ಸಾಕು ಅನ್ನುವವರಿಗೆ ಸಿಗುವ ಮಷಿನ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ನಡೆಯುತ್ತವೆ. ಪಾಲಕ್, ಪುದೀನ, ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು), ಗೋಧಿಹುಲ್ಲು ದಿನಾ ಬೇಕು ಅನ್ನುವವರಿಗೆ ಮಾತ್ರ ಆಯ್ಕೆ ತುಂಬಾ ಕಡಿಮೆಯಾಗುತ್ತದೆ.

ಯಾಕೆ ಅಂದರೆ ಹಣ್ಣಿಂದ ರಸ ಬರುವ ಬಗೆಯೇ ಬೇರೆ, ಎಲೆಯಿಂದ ಬರುವ ಬಗೆಯೇ ಬೇರೆ. ಹಣ್ಣನ್ನು ತುರಿದರೆ ಸಾಕು, ರಸ ತಾನಾಗಿ ಇಳಿಯುತ್ತದೆ. ಎಲೆ ತೆಳುವಾಗಿರುತ್ತದೆ, ಹಗುರವಾಗಿರುತ್ತದೆ, ನಾರು ಜಾಸ್ತಿ. ಅದನ್ನು ಕತ್ತರಿಸಿದರೆ ಚೂರಾಗುತ್ತದೆ ಅಷ್ಟೇ. ರಸ ಹೊರಗೆ ಬರಬೇಕಾದರೆ ಅರೆಯಬೇಕು, ಆಮೇಲೆ ಗಟ್ಟಿಯಾಗಿ ಹಿಂಡಬೇಕು. ಈ ಎರಡೂ ಕೆಲಸವನ್ನು ಯಾವ ಮಷಿನ್ ಎಷ್ಟು ಚೆನ್ನಾಗಿ ಮಾಡುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸೆಂಟ್ರಿಫ್ಯೂಗಲ್: ಬೇಗ ಆಗಬೇಕು ಅನ್ನುವವರಿಗೆ

ಅಂಗಡಿಯಲ್ಲಿ ಸುಮ್ನೆ ಜ್ಯೂಸರ್ ಅಂತ ಕೇಳಿದರೆ ಮೊದಲು ತೋರಿಸುವುದು ಇದನ್ನೇ. ಒಳಗೆ ಜಾಲರಿಯ ಬುಟ್ಟಿ, ಅದರ ತಳದಲ್ಲಿ ತುರಿಯುವ ಹಲ್ಲುಗಳಿರುವ ತಟ್ಟೆ. ಈ ಬುಟ್ಟಿ ನಿಮಿಷಕ್ಕೆ ಸುಮಾರು 6,000ದಿಂದ 14,000 ಸುತ್ತು ತಿರುಗುತ್ತದೆ. ಹಣ್ಣು ತಟ್ಟೆಗೆ ತಾಗಿದ ಕೂಡಲೇ ತುರಿಯಾಗುತ್ತದೆ, ತಿರುಗುವ ರಭಸಕ್ಕೆ ರಸ ಜಾಲರಿಯಿಂದ ಆಚೆ ಚಿಮ್ಮುತ್ತದೆ, ಹಿಪ್ಪೆ ಹಿಂದಿನ ಡಬ್ಬಿಗೆ ಬೀಳುತ್ತದೆ. ಒಂದು ಲೋಟ ಕ್ಯಾರೆಟ್ ಜ್ಯೂಸ್‌ಗೆ ಒಂದು ನಿಮಿಷವೂ ಬೇಡ.

ಬಾಯಿ ಅಗಲ ಇರುವ ಮಾಡೆಲ್ ಆದರೆ ಸಣ್ಣ ಸೇಬನ್ನು ಹಾಗೇ ಇಳಿಸಬಹುದು. ಬೆಲೆಯೂ ಉಳಿದವಕ್ಕಿಂತ ಕಡಿಮೆ. ಗಟ್ಟಿ ಹಣ್ಣು, ಗಡ್ಡೆ ತರಕಾರಿಗಳಿಗೆ ಇದು ನಿಜಕ್ಕೂ ಒಳ್ಳೆಯ ಮಷಿನ್. ಕೋಲ್ಡ್ ಪ್ರೆಸ್ ಬಂದಮೇಲೆ ಇದನ್ನು ಕೀಳಾಗಿ ಮಾತಾಡುವುದು ಜಾಸ್ತಿ ಆಗಿದೆ, ಅದು ಸರಿಯಲ್ಲ.

ಸೊಪ್ಪಿನ ವಿಷಯಕ್ಕೆ ಬಂದರೆ ಮಾತ್ರ ಇದು ಸೋಲುತ್ತದೆ. ಹಗುರವಾದ ಎಲೆ ತಟ್ಟೆಯ ಹಲ್ಲಿಗೆ ಸರಿಯಾಗಿ ಸಿಗುವ ಮುಂಚೆಯೇ ಹಿಪ್ಪೆಯ ಡಬ್ಬಿಗೆ ಹಾರಿಹೋಗುತ್ತದೆ. ಒಂದು ಕಟ್ಟು ಪಾಲಕ್ ಹಾಕಿ ಆಮೇಲೆ ಹಿಪ್ಪೆಯ ಡಬ್ಬಿ ತೆಗೆದು ನೋಡಿ, ಚೂರುಚೂರಾದ ಹಸಿ ಎಲೆ ಒದ್ದೆಯಾಗಿ ಹಾಗೇ ಇರುತ್ತದೆ. ಅದನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಹಸಿರು ರಸ ಇಳಿಯುತ್ತದೆ. ಲೋಟಕ್ಕೆ ಬರಬೇಕಾದ್ದು ಅದೇ ಅಲ್ವಾ?

ಎಲೆಯನ್ನು ಬಿಗಿಯಾಗಿ ಉಂಡೆ ಮಾಡಿ ಎರಡು ಸೇಬಿನ ಹೋಳಿನ ನಡುವೆ ಇಟ್ಟು, ವೇಗ ಕಡಿಮೆ ಮಾಡಿ ತಳ್ಳಿದರೆ ಸ್ವಲ್ಪ ಜಾಸ್ತಿ ಬರುತ್ತದೆ. ಅಪರೂಪಕ್ಕೆ ಒಂದು ಹಿಡಿ ಸೊಪ್ಪು ಹಾಕುವವರು ಹೀಗೆ ಮಾಡಿಕೊಂಡು ಹೋಗಬಹುದು. ದಿನಾ ಹಾಕುವವರಿಗೆ ಈ ಉಪಾಯ ಸಾಲದು.

ಇನ್ನೊಂದು, ನೊರೆ. ಅಷ್ಟು ವೇಗಕ್ಕೆ ಗಾಳಿ ರಸದೊಳಗೆ ಸೇರುತ್ತದೆ. ಲೋಟದಲ್ಲಿ ಮೇಲೆ ದಪ್ಪ ನೊರೆ, ಕೆಳಗೆ ನೀರಿನಂಥ ರಸ, ಸ್ವಲ್ಪ ಹೊತ್ತಿಗೇ ಬೇರೆಬೇರೆಯಾಗುತ್ತದೆ. ಮಾಡಿದ ಕೂಡಲೇ ಕುಡಿಯುವವರಿಗೆ ಇದು ದೊಡ್ಡ ವಿಷಯವಲ್ಲ. ಸದ್ದು ಕೂಡ ಜೋರು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುವವರು ಇದನ್ನು ಯೋಚಿಸಬೇಕು.

ಸ್ಲೋ ಜ್ಯೂಸರ್: ನಿಂತದ್ದಾ, ಮಲಗಿದ್ದಾ?

ಕೋಲ್ಡ್ ಪ್ರೆಸ್, ಸ್ಲೋ ಜ್ಯೂಸರ್, ಮ್ಯಾಸ್ಟಿಕೇಟಿಂಗ್ ಅಂತೆಲ್ಲ ಮನೆ ಬಳಕೆಗೆ ಮಾರುವವು ಸಾಮಾನ್ಯವಾಗಿ ಒಂದೇ ಬಗೆಯ ಮಷಿನ್. ಒಳಗೆ ಒಂದು ದಪ್ಪ ತಿರುಪು ಇರುತ್ತದೆ. ಅದು ನಿಮಿಷಕ್ಕೆ 40ರಿಂದ 100 ಸುತ್ತಿನ ಆಸುಪಾಸಿನಲ್ಲಿ ನಿಧಾನಕ್ಕೆ ತಿರುಗುತ್ತಾ ಹಾಕಿದ್ದನ್ನೆಲ್ಲ ಜಾಲರಿಗೆ ಒತ್ತಿ ಅರೆಯುತ್ತದೆ. ರಸ ಒಂದು ಕಡೆ, ಹಿಪ್ಪೆ ಒಂದು ಕಡೆ. ನೊರೆ ಕಡಿಮೆ, ಸದ್ದು ಕಡಿಮೆ, ಹಿಪ್ಪೆ ಒಣ. ಹೊತ್ತು ಮಾತ್ರ ಜಾಸ್ತಿ ಬೇಕು. ಹಣ್ಣು ಹೆಚ್ಚುವುದು, ಒಂದೊಂದೇ ಇಳಿಸುವುದು ಎಲ್ಲ ಸೇರಿಸಿಕೊಂಡರೆ ಎರಡು ಲೋಟಕ್ಕೆ ಐದರಿಂದ ಹತ್ತು ನಿಮಿಷ ಇಟ್ಟುಕೊಳ್ಳಿ.

ಈ ಬಗೆಯಲ್ಲೇ ಎರಡು ಆಕಾರ ಇವೆ. ಅಂಗಡಿಯವರು ಈ ವ್ಯತ್ಯಾಸ ಹೇಳುವುದೇ ಕಡಿಮೆ.

ನಿಂತ ಮಷಿನ್‌ನಲ್ಲಿ ತಿರುಪು ನೆಟ್ಟಗಿರುತ್ತದೆ. ದಕ್ಷಿಣ ಕೊರಿಯಾದ ಹ್ಯುರೋಂ, ಕುವಿಂಗ್ಸ್ ಕಂಪನಿಗಳ ಮಷಿನ್‌ಗಳು ಈ ಆಕಾರದವು. ಮೇಲಿಂದ ಹಾಕಿದ್ದು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಕೈಯಿಂದ ಜಾಸ್ತಿ ತಳ್ಳಬೇಕಾಗಿಲ್ಲ. ಈಗ ಮೇಲೊಂದು ದೊಡ್ಡ ಬಟ್ಟಲಿರುವ ಮಾಡೆಲ್‌ಗಳೂ ಇವೆ. ಹಣ್ಣನ್ನೆಲ್ಲ ಅದರೊಳಗೆ ತುಂಬಿ, ಮುಚ್ಚಳ ಹಾಕಿ ಬೇರೆ ಕೆಲಸ ನೋಡಿಕೊಳ್ಳಬಹುದು. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಕಲ್ಲಂಗಡಿಯಂಥ ರಸಭರಿತ ಹಣ್ಣುಗಳಿಗೆ ಇದರಷ್ಟು ಹಿತವಾದ ಮಷಿನ್ ಬೇರೆ ಇಲ್ಲ. ಅಡುಗೆಕಟ್ಟೆಯ ಮೇಲೆ ಜಾಗವೂ ಕಡಿಮೆ ಹಿಡಿಯುತ್ತದೆ.

ಎಲೆಗೂ ಇದು ಸೆಂಟ್ರಿಫ್ಯೂಗಲ್‌ಗಿಂತ ಎಷ್ಟೋ ವಾಸಿ. ತೊಂದರೆ ಬರುವುದು ಉದ್ದನೆಯ ನಾರಿನಿಂದ. ಸೆಲೆರಿ ದಂಟನ್ನು ಉದ್ದಕ್ಕೆ ಹಾಗೇ ಬಿಟ್ಟರೆ ಅದರ ನಾರು ತಿರುಪಿನ ಸುತ್ತ ದಾರದ ಹಾಗೆ ಸುತ್ತಿಕೊಂಡು ಮಷಿನ್ ನಿಂತುಹೋಗುತ್ತದೆ. ಬೆರಳ ಎರಡು ಗಿಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ ಹಾಕಿದರೆ ಈ ಕಾಟ ಇಲ್ಲ. ಶುಂಠಿಯನ್ನೂ ನಾರಿಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಬೇಕು. ರಿವರ್ಸ್ ಬಟನ್ ಇಲ್ಲದ ನಿಂತ ಜ್ಯೂಸರ್ ಕೊಳ್ಳಲೇಬೇಡಿ. ಸಿಕ್ಕಿಕೊಂಡದ್ದನ್ನು ಬಿಡಿಸಲು ಮೊದಲು ಬೇಕಾಗುವುದು ಅದೇ.

ಮಲಗಿದ ಮಷಿನ್‌ನಲ್ಲಿ ತಿರುಪು ಅಡ್ಡ ಇರುತ್ತದೆ. ಒಮೆಗಾ ಕಂಪನಿಯ ಹಲವು ಮಾಡೆಲ್‌ಗಳು ಈ ಆಕಾರದವು. ಬಾಯಿ ಕಿರಿದು, ತಳ್ಳಬೇಕು, ಕಟ್ಟೆಯ ಮೇಲೆ ಉದ್ದಕ್ಕೆ ಜಾಗ ಬೇಕು. ಆದರೂ ಪಾಲಕ್, ಕೇಲ್, ಗೋಧಿಹುಲ್ಲು ದಿನಾ ಹಾಕುವವರಿಗೆ ನಾನು ಹೇಳುವುದು ಇದನ್ನೇ. ಇದರಲ್ಲಿ ಹಿಪ್ಪೆ ತಿರುಪಿನ ಉದ್ದಕ್ಕೂ ಸಾಗಿ ತುದಿಯಲ್ಲಿ ಬಿಗಿಯಾಗಿ ಒತ್ತಿಸಿಕೊಂಡೇ ಹೊರಗೆ ಬರುತ್ತದೆ. ತುದಿಯ ಮುಚ್ಚಳದ ಬಿಗಿ ಹೆಚ್ಚುಕಮ್ಮಿ ಮಾಡುವ ಅವಕಾಶ ಇರುವ ಮಾಡೆಲ್‌ಗಳಿವೆ. ಎಲೆಗೆ ಬಿಗಿ ಜಾಸ್ತಿ, ಮೆತ್ತನೆ ಹಣ್ಣಿಗೆ ಕಡಿಮೆ. ಬಿಡಿಭಾಗ ಕಡಿಮೆ ಇರುವುದರಿಂದ ತೊಳೆಯುವುದೂ ಸುಲಭ.

ಇದರ ಸೋಲು ಮೆತ್ತಗಾದ ಹಣ್ಣು. ಚೆನ್ನಾಗಿ ಕಳಿತ ಟೊಮೆಟೊ, ಪೀಚ್ ಹಾಕಿದರೆ ಮುಂದಕ್ಕೆ ಹೋಗದೆ ಬಾಯಿಯಲ್ಲೇ ನಿಲ್ಲುತ್ತದೆ, ಇಲ್ಲವೇ ಹಿಪ್ಪೆಯ ಜೊತೆ ರಸವೂ ಆಚೆ ಬರುತ್ತದೆ. ನಡುನಡುವೆ ಒಂದು ತುಂಡು ಕ್ಯಾರೆಟ್ ಹಾಕಿ ತಳ್ಳಿದರೆ ದಾರಿ ಬಿಡುತ್ತದೆ.

ಬಾಳೆಹಣ್ಣು, ಬೆಣ್ಣೆಹಣ್ಣು ಯಾವ ಜ್ಯೂಸರ್‌ನಿಂದಲೂ ರಸವಾಗುವುದಿಲ್ಲ. ಅವಕ್ಕೆ ಮಿಕ್ಸಿಯೇ ಸರಿ.

ಎರಡು ಹಲ್ಲುಚಕ್ರದ ಮಷಿನ್

ಟ್ವಿನ್ ಗಿಯರ್ ಅಂತ ಕರೆಯುತ್ತಾರೆ. ಎರಡು ತಿರುಪುಗಳು ಒಂದರ ಹಲ್ಲಿಗೆ ಇನ್ನೊಂದು ಕಚ್ಚಿಕೊಂಡು ತಿರುಗುತ್ತವೆ. ಆ ಸಂದಿಯಲ್ಲಿ ಎಲೆ ಸಿಕ್ಕರೆ ಪುಡಿಪುಡಿ. ಎಲೆಯಿಂದ ಅತಿ ಹೆಚ್ಚು ರಸ ತೆಗೆಯುವ ಮನೆ ಮಷಿನ್‌ಗಳಲ್ಲಿ ಇದು ಮುಂದಿನ ಸಾಲಿನದು, ಏಂಜೆಲ್, ಗ್ರೀನ್ ಸ್ಟಾರ್ ಈ ಬಗೆಯವು. ಆದರೆ ಭಾರ, ದುಬಾರಿ, ಹಣ್ಣು ಹಾಕಲು ಅಷ್ಟು ಹಿತವಲ್ಲ, ಗಟ್ಟಿಯಾಗಿ ತಳ್ಳಬೇಕು. ದಿನಾ ದೊಡ್ಡ ಪ್ರಮಾಣದಲ್ಲಿ ಸೊಪ್ಪಿನ ರಸ ಕುಡಿಯುವ ಮನೆಗೆ ಮಾತ್ರ ಈ ಹಣ ಸಾರ್ಥಕ.

ಇದಕ್ಕೂ ಮೇಲಿನದು ಹೈಡ್ರಾಲಿಕ್ ಪ್ರೆಸ್. ಮೊದಲು ಅರೆದು, ಬಟ್ಟೆಯಲ್ಲಿ ಕಟ್ಟಿ, ಟನ್‌ಗಟ್ಟಲೆ ಒತ್ತಡದಲ್ಲಿ ಹಿಂಡುವುದು. ರಸ ತುಂಬಾ ತಿಳಿ. ಮನೆಗೆ ಅತಿಯಾಯಿತು ಅಂತ ನನ್ನ ಅಭಿಪ್ರಾಯ.

ಮಿಕ್ಸಿ ಇರುವವರು ಒಂದು ಬಟ್ಟೆ ತಂದು ನೋಡಿ

ಹಣ ಹಾಕುವ ಮುಂಚೆ ಇದನ್ನು ಎಲ್ಲರೂ ಮಾಡಿ ನೋಡಬೇಕು ಅಂತ ನನಗೆ ಅನಿಸುತ್ತದೆ. ಸೊಪ್ಪು, ಸೇಬು, ಅರ್ಧ ಲೋಟ ನೀರು ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ, ತೆಳು ಹತ್ತಿಬಟ್ಟೆಯಲ್ಲಿ ಹಾಕಿ ಹಿಂಡಿ. ಬರುವುದು ಜ್ಯೂಸೇ. ನೀರು ಸೇರಿರುತ್ತದೆ, ನೊರೆ ಇರುತ್ತದೆ, ಕೈ ನೋಯುತ್ತದೆ. ಆದರೆ ಎಲೆಯ ರಸ ಸೆಂಟ್ರಿಫ್ಯೂಗಲ್‌ಗಿಂತ ಎಷ್ಟೋ ಸಲ ಜಾಸ್ತಿಯೇ ಬರುತ್ತದೆ, ಯಾಕೆಂದರೆ ಇಲ್ಲಿ ಅರೆಯುವುದೂ ಆಯಿತು, ಹಿಂಡುವುದೂ ಆಯಿತು. ಒಂದು ತಿಂಗಳು ಹೀಗೆ ಮಾಡಿದರೆ ನಿಮಗೆ ನಿಜವಾಗಿ ಯಾವ ಜ್ಯೂಸ್ ಹಿಡಿಸುತ್ತದೆ, ವಾರಕ್ಕೆ ಎಷ್ಟು ಸಲ ಮಾಡುತ್ತೀರಿ ಅನ್ನುವುದು ಗೊತ್ತಾಗುತ್ತದೆ. ಹಿಂಡದೆ ಹಾಗೇ ಕುಡಿದರೆ ನಾರೂ ಹೊಟ್ಟೆಗೆ ಹೋಗುತ್ತದೆ, ಅದಿನ್ನೂ ಒಳ್ಳೆಯದು.

ಬರೀ ಕಿತ್ತಳೆ, ಮೋಸಂಬಿ, ನಿಂಬೆ ಕುಡಿಯುವವರಿಗೆ ಹಣ್ಣಿನ ಹೋಳನ್ನು ಮಗುಚಿ ಒತ್ತುವ ಸಿಟ್ರಸ್ ಜ್ಯೂಸರ್ ಸಾಕು. ಅಗ್ಗ, ತೊಳೆಯುವುದು ಅರೆಕ್ಷಣದ ಕೆಲಸ, ಸಿಪ್ಪೆಯ ಒಳಗಿನ ಬಿಳಿ ಪದರದ ಕಹಿಯೂ ಹೆಚ್ಚು ಸೇರುವುದಿಲ್ಲ.

ವ್ಯಾಟ್, ಕಿಣ್ವ, ಬಿಸಿ: ಜಾಹೀರಾತಿನ ಮಾತುಗಳು

ವ್ಯಾಟ್ ಜಾಸ್ತಿ ಇದ್ದರೆ ರಸ ಜಾಸ್ತಿ ಅಂತೇನೂ ಇಲ್ಲ. ಸೆಂಟ್ರಿಫ್ಯೂಗಲ್‌ಗೆ ಆ ವೇಗಕ್ಕಾಗಿ 500ರಿಂದ 1,000 ವ್ಯಾಟ್ ಬೇಕಾಗುತ್ತದೆ. ಸ್ಲೋ ಜ್ಯೂಸರ್ 150ರಿಂದ 250 ವ್ಯಾಟ್‌ನಲ್ಲೇ ನಡೆಯುತ್ತದೆ, ಗಿಯರ್ ಹಾಕಿ ವೇಗ ತಗ್ಗಿಸಿ ತಿರುಗಿಸುವ ಬಲ ಹೆಚ್ಚಿಸಿರುತ್ತಾರೆ. ಒಂದು ಬಗೆಯ ವ್ಯಾಟನ್ನು ಇನ್ನೊಂದು ಬಗೆಯ ಜೊತೆ ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ವೇಗದ ಮಷಿನ್ ಬಿಸಿಯಾಗಿ ಪೋಷಕಾಂಶ, ಕಿಣ್ವ (ಎನ್‌ಜೈಮ್) ಎಲ್ಲ ಸಾಯಿಸುತ್ತದೆ ಅನ್ನುವ ಮಾತು ತುಂಬಾ ಓಡಾಡುತ್ತಿದೆ. ರಸ ಆ ಬುಟ್ಟಿಯಲ್ಲಿರುವುದೇ ಕೆಲವು ಸೆಕೆಂಡು. ಅಷ್ಟರಲ್ಲಿ ಅದು ಬೇಯುವಷ್ಟು ಬಿಸಿಯಾಗುವುದಿಲ್ಲ, ಕೈಯಿಂದ ಮುಟ್ಟಿದರೇ ಗೊತ್ತಾಗುತ್ತದೆ. ಕಿಣ್ವಗಳು ಉಳಿದರೂ ಹೊಟ್ಟೆಯ ಆಮ್ಲ, ಜೀರ್ಣರಸ ಸೇರಿ ಅವುಗಳಲ್ಲಿ ಹೆಚ್ಚಿನವನ್ನು ಉಳಿದ ಪ್ರೋಟೀನ್‌ಗಳ ಹಾಗೆಯೇ ಜೀರ್ಣ ಮಾಡುತ್ತವೆ.

ನಿಜವಾದ ವ್ಯತ್ಯಾಸ ಗಾಳಿಯದ್ದು. ಹೆಚ್ಚಿದ ಸೇಬು ಕಂದಾಗುತ್ತದಲ್ಲ, ಅದು ಹಣ್ಣಿನಲ್ಲೇ ಇರುವ ಪಾಲಿಫಿನಾಲ್ ಆಕ್ಸಿಡೇಸ್ ಅನ್ನುವ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಮಾಡುವ ಕೆಲಸ. ಗಾಳಿ ಜಾಸ್ತಿ ಸೇರಿದ ರಸ ಬೇಗ ಕಂದಾಗುತ್ತದೆ, ರುಚಿ ಕೆಡುತ್ತದೆ, ವಿಟಮಿನ್ ಸಿ ಕೂಡ ಕಡಿಮೆಯಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಮಾಡಿ ಸಂಜೆ ಕುಡಿಯುವವರಿಗೆ ಸ್ಲೋ ಜ್ಯೂಸರ್ ಲಾಭ ಇರುವುದು ಇಲ್ಲಿ. ಸ್ವಲ್ಪ ನಿಂಬೆರಸ ಹಿಂಡಿ, ಬಾಟಲಿಯನ್ನು ಕಂಠದವರೆಗೆ ತುಂಬಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಯಾವ ಮಷಿನ್ನಿನ ರಸವೂ ಸ್ವಲ್ಪ ಜಾಸ್ತಿ ಹೊತ್ತು ಬಾಳುತ್ತದೆ. ಆದರೂ ಒಂದು ದಿನಕ್ಕಿಂತ ಹೆಚ್ಚು ಇಡದಿರುವುದೇ ವಾಸಿ.

ತೊಳೆಯುವುದು

ಎಷ್ಟೋ ಮನೆಗಳಲ್ಲಿ ಜ್ಯೂಸರ್ ಮೇಲಿನ ಕಪಾಟು ಸೇರುವುದು ರಸ ಕಡಿಮೆ ಬಂತು ಅಂತಲ್ಲ, ತೊಳೆಯಲು ಬೇಜಾರಾಗಿ. ಹಾಗಾಗಿ ಅಂಗಡಿಯಲ್ಲಿ ಮಷಿನ್ ಓಡಿಸಿ ತೋರಿಸಿ ಅನ್ನುವ ಬದಲು ಬಿಚ್ಚಿ ತೋರಿಸಿ ಅನ್ನಿ. ನೀವೇ ಬಿಚ್ಚಿ, ನೀವೇ ಜೋಡಿಸಿ.

ಮೊದಲು ಜಾಲರಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ತೂತುಗಳು ಎಷ್ಟು ಸಣ್ಣ, ಮೂಲೆ ಎಷ್ಟು ಕಡೆ ಇದೆ, ಬ್ರಷ್ ಒಳಗೆ ತಲುಪುತ್ತದಾ ನೋಡಿ. ಒಂದು ತೂತಿನಲ್ಲಿ ಎಲೆಯ ನಾರು ಒಣಗಿ ಕೂತರೆ ಆಮೇಲೆ ಅದು ಸುಲಭಕ್ಕೆ ಬಿಡುವುದಿಲ್ಲ. ತೂತು ಮುಚ್ಚಿದಷ್ಟೂ ರಸ ಕಡಿಮೆ, ಹಿಪ್ಪೆ ಒದ್ದೆ. ಹೊಸದರಲ್ಲಿ ಚೆನ್ನಾಗಿತ್ತು, ಈಗ ಯಾಕೋ ರಸ ಬರುತ್ತಿಲ್ಲ ಅನ್ನುವವರು ಮೊದಲು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸಿಟ್ರಿಕ್ ಆಮ್ಲ ಹಾಕಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಬ್ರಷ್ ಹಾಕಿದರೆ ಹೆಚ್ಚಿನದು ಹೋಗುತ್ತದೆ.

ನಿಂತ ಸ್ಲೋ ಜ್ಯೂಸರ್‌ನ ಬಟ್ಟಲನ್ನು ಮಗುಚಿ ನೋಡಿ. ಹಿಪ್ಪೆ ಹೊರಗೆ ಬರುವ ದಾರಿಯ ಕೆಳಗೆ ಒಂದು ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆರೆಯದೆ ಬರೀ ನೀರು ಹರಿಸಿದರೆ ಒಳಗೆ ಹಿಪ್ಪೆ ಹಾಗೇ ಉಳಿದು ಎರಡೇ ದಿನಕ್ಕೆ ವಾಸನೆ ಬರುತ್ತದೆ. ಆ ಮುಚ್ಚಳ ಸುಲಭವಾಗಿ ತೆರೆಯುತ್ತದಾ, ಬೆರಳು ಹೋಗುತ್ತದಾ ಅಂತ ಪರೀಕ್ಷಿಸಿ. ಕೆಲವು ಹೊಸ ಮಾಡೆಲ್‌ಗಳಲ್ಲಿ ಸಣ್ಣ ತೂತಿನ ಜಾಲರಿಯ ಬದಲು ಉದ್ದ ಸೀಳುಗಳಿರುವ, ಎರಡು ಭಾಗವಾಗಿ ಬಿಚ್ಚುವ ಜಾಲರಿ ಕೊಡುತ್ತಾರೆ. ನೀರಿಗೆ ಹಿಡಿದರೆ ಹೋಗುತ್ತದೆ. ರಸದಲ್ಲಿ ತಿರುಳು ಸ್ವಲ್ಪ ಜಾಸ್ತಿ ಇರುತ್ತದೆ, ತೊಳೆಯುವ ಸುಖಕ್ಕೆ ಅದನ್ನು ಒಪ್ಪಿಕೊಳ್ಳಬಹುದು.

ಯಾವುದೇ ಮಷಿನ್ ಆಗಲಿ, ಜ್ಯೂಸ್ ಮುಗಿದ ಕೂಡಲೇ ಒಂದು ಲೋಟ ನೀರು ಒಳಗೆ ಹಾಕಿ ಓಡಿಸಿ, ಆಮೇಲೆ ಬಿಚ್ಚಿ ತೊಳೆದು, ಅದಾದ ಮೇಲೆ ಜ್ಯೂಸ್ ಕುಡಿಯಲು ಕೂತರೆ ಒಳ್ಳೆಯದು. ಕ್ಯಾರೆಟ್‌ನ ಕಿತ್ತಳೆ ಬಣ್ಣ ಪ್ಲಾಸ್ಟಿಕ್‌ಗೆ ಹಿಡಿದರೆ ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಕರಗುವಂಥದ್ದು.

ಕೊಳ್ಳುವಾಗ ಇನ್ನೂ ಕೆಲವು

ಬಾಯಿ ಅಗಲ ಇದ್ದರೆ ಹೆಚ್ಚುವ ಕೆಲಸ ಕಡಿಮೆ, ಆದರೆ ಮಕ್ಕಳ ಕೈ ಒಳಗೆ ಹೋಗದ ಹಾಗೆ ತಡೆ ಇರಲೇಬೇಕು. ಮುಚ್ಚಳ ಸರಿಯಾಗಿ ಕೂರದಿದ್ದರೆ ಮೋಟಾರ್ ಶುರುವಾಗಬಾರದು. ಎಡೆಬಿಡದೆ ಎಷ್ಟು ನಿಮಿಷ ಓಡಿಸಬಹುದು ಅನ್ನುವುದನ್ನು ಕೈಪಿಡಿಯಲ್ಲಿ ನೋಡಿ, ದೊಡ್ಡ ಸಂಸಾರಕ್ಕೆ ಇದು ಮುಖ್ಯ. ಮೋಟಾರಿಗೆ ಹತ್ತು ವರ್ಷ ಗ್ಯಾರಂಟಿ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಮೊದಲು ಹಾಳಾಗುವುದು ಜಾಲರಿ, ತಿರುಪು, ರಬ್ಬರ್ ಬಳೆ. ಆ ಭಾಗಗಳಿಗೆ ಎಷ್ಟು ದಿನ, ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಬಿಡಿಭಾಗ ಸಿಗದ ಮಷಿನ್ ಎಷ್ಟು ಅಗ್ಗವಾದರೂ ದುಬಾರಿಯೇ.

ಪೀಚ್, ಪ್ಲಮ್, ಮಾವಿನಂಥ ಹಣ್ಣಿನ ಓಟೆ ತೆಗೆದೇ ಹಾಕಬೇಕು, ತಿರುಪು ಮುರಿಯುವುದು ಇಂಥದ್ದರಿಂದಲೇ.

ಕುಡಿಯುವವರ ವಿಷಯ

ಮಷಿನ್ ಬಂದ ಹೊಸದರಲ್ಲಿ ದಿನಕ್ಕೆ ಮೂರು ಲೋಟ ಕುಡಿಯುವ ಹುಮ್ಮಸ್ಸು ಇರುತ್ತದೆ. ಹಣ್ಣಿನಿಂದ ನಾರು ತೆಗೆದಮೇಲೆ ಉಳಿಯುವುದು ಬಹುಪಾಲು ನೀರು ಮತ್ತು ಸಕ್ಕರೆ. 250 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ಹಣ್ಣು ಕಡಿಮೆ, ಸೌತೆಕಾಯಿ, ಸೆಲೆರಿ, ಸೊಪ್ಪು ಜಾಸ್ತಿ ಮಾಡಿಕೊಳ್ಳುವುದು ಒಳ್ಳೆಯದು.

ಸೊಪ್ಪಿಗೂ ಒಂದು ಮಿತಿ ಇದೆ. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ, ಕೆಲವರಲ್ಲಿ ಮೂತ್ರಪಿಂಡದ ಕಲ್ಲಿಗೆ ಕಾರಣವಾಗುವ ವಸ್ತು ಜಾಸ್ತಿ, ರಸದಲ್ಲೂ ಅದು ಬರುತ್ತದೆ. ಮೂತ್ರಪಿಂಡದ ಕಲ್ಲು, ಕಿಡ್ನಿ ತೊಂದರೆ ಇರುವವರು ದಿನಾ ಪಾಲಕ್ ರಸ ಕುಡಿಯುವ ಮುಂಚೆ ವೈದ್ಯರನ್ನು ಕೇಳಲೇಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರೂ ಅಷ್ಟೇ, ಹಸಿರೆಲೆಯ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜ್ಯೂಸ್ ಬೇಡ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಎಲೆ, ಹಣ್ಣು ಎರಡನ್ನೂ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಕೊಳೆತ ಭಾಗ ಕತ್ತರಿಸಿ ಎಸೆಯಿರಿ. ಇಲ್ಲಿ ಕುದಿಸುವುದಿಲ್ಲವಾದ್ದರಿಂದ ಎಲೆಯ ಮೇಲಿರುವ ಕೊಳೆ, ಕ್ರಿಮಿ ಎಲ್ಲ ಲೋಟಕ್ಕೇ ಬರುತ್ತದೆ.

ಹಾಗಾದರೆ ಯಾವುದು?

ವಾರಕ್ಕೆ ಒಂದೆರಡು ಸಲ, ಗಟ್ಟಿ ಹಣ್ಣು ಮತ್ತು ಕ್ಯಾರೆಟ್, ಬೆಳಿಗ್ಗೆ ಹೊತ್ತಿಲ್ಲ ಅನ್ನುವವರು ಸೆಂಟ್ರಿಫ್ಯೂಗಲ್ ತಗೊಳ್ಳಿ, ಉಳಿದ ಹಣದಲ್ಲಿ ಹಣ್ಣು ತಗೊಳ್ಳಿ. ಹಣ್ಣು ಮುಕ್ಕಾಲು, ಸೊಪ್ಪು ಕಾಲು ಭಾಗ ಅನ್ನುವ ಹೆಚ್ಚಿನ ಮನೆಗಳಿಗೆ ನಿಂತ ಸ್ಲೋ ಜ್ಯೂಸರ್. ಸೊಪ್ಪೇ ಮುಖ್ಯ, ಹಣ್ಣು ರುಚಿಗೆ ಮಾತ್ರ ಅನ್ನುವವರಿಗೆ ಮಲಗಿದ ಸ್ಲೋ ಜ್ಯೂಸರ್. ಒಂದೇ ಮಷಿನ್‌ನಲ್ಲಿ ಎಲ್ಲ ಆಗಬೇಕು ಅಂತ ಹಟ ಹಿಡಿದರೆ ನಾನು ನಿಂತ ಮಷಿನ್ ಕಡೆಗೇ ವಾಲುತ್ತೇನೆ, ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕುವ ತಾಳ್ಮೆ ಇದ್ದರೆ.

ಮನೆಗೆ ತಂದ ವಾರದೊಳಗೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ಒಂದು ಪರೀಕ್ಷೆ ಮಾಡಿ. ಒಂದು ದಿನ ಬರೀ ಕ್ಯಾರೆಟ್, ಇನ್ನೊಂದು ದಿನ ಒಂದು ಕಟ್ಟು ಪಾಲಕ್ ಮತ್ತು ಒಂದು ಸೇಬು. ಎರಡೂ ಸಲ ಹಿಪ್ಪೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಅಂಗೈ ತೇವವಾದರೆ ಪರವಾಗಿಲ್ಲ. ರಸ ಧಾರೆಯಾಗಿ ಇಳಿದರೆ ಮೊದಲು ಜೋಡಣೆ ಸರಿ ಇದೆಯಾ ನೋಡಿ, ಎಲೆಯನ್ನು ಇನ್ನೂ ಸಣ್ಣಗೆ ಕತ್ತರಿಸಿ, ನಿಧಾನಕ್ಕೆ ಹಾಕಿ ಮತ್ತೊಮ್ಮೆ ಮಾಡಿ. ಆಗಲೂ ಹಾಗೇ ಆದರೆ ಡಬ್ಬಿಗೆ ತುಂಬಿ ವಾಪಸ್ ಕೊಟ್ಟುಬಿಡಿ.